ಅಡಿವೆಪ್ಪನ ಐನೂರಾ ಎಪ್ಪತ್ತು

ಹೊತ್ತು ಮುಳುಗುವ ಮುಂಚಿನ ಗಳಿಗೆಯಲ್ಲಿ ಹೊಸಬರು ಯಾರಾದರೂ ನಮ್ಮೂರಿಗೆ ಬಂದರೆ, ಊರಿಗೆ ಊರೇ ಇರುವೆ ಕಚ್ಚಿಸಿಕೊಂಡಿದೆ ಎಂದುಕೊಂಡಾರು. ಊಟದ ಮನೆಯ ಮುಂದಿನ ಸಾಲಿನಲ್ಲಿ ಒಬ್ಬ ನಿಂತಲ್ಲೇ ಕುಪ್ಪಳಿಸುತ್ತಿರುತ್ತಾನೆ, ಒಬ್ಬಳು ಇಲ್ಲದ ಮಜ್ಜಿಗೆಯನ್ನು ಗಾಳಿಯಲ್ಲಿ ಕಡೆಯುತ್ತಿರುತ್ತಾಳೆ, ಮರ್ಯಾದಸ್ಥ ಹಿರಿಯರು ಯಾರಿಗೂ ಕಾಣದಂತೆ ಧೋತರದ ಮರೆಯಲ್ಲಿ ಮೊಣಕಾಲು ಕುಣಿಸುತ್ತಿರುತ್ತಾರೆ. ಎಲ್ಲರ ಬಲ ಮಣಿಕಟ್ಟಿನಲ್ಲೂ ಪಟ್ಟಿ, ಪಟ್ಟಿಯ ಮೇಲೆ ಅಂಕಿ. ಸೂರ್ಯ ಹುಟ್ಟಿದಾಗ ಅದು ಸೊನ್ನೆಯಿಂದ ಹೊರಡುತ್ತದೆ, ಮುಳುಗಿದಾಗ ನಿಂತುಬಿಡುತ್ತದೆ. ನಡುವೆ ಮೈ ಎಷ್ಟು ಕ್ಯಾಲೊರಿ ಉರಿಸಿತೋ ಅದು ಆ ದಿನದ ಲೆಕ್ಕ. ನೂರಕ್ಕೆ ಒಂದು ರೊಟ್ಟಿ. ಏಳುನೂರ ತೊಂಬತ್ತೆಂಟು ಎಂದರೆ ಏಳೇ ರೊಟ್ಟಿ, ಎಂಟಲ್ಲ. ಆದ್ದರಿಂದ ಆ ಕುಪ್ಪಳಿಕೆ.

ನಮ್ಮಲ್ಲಿ ಮನೆಯಲ್ಲಿ ಒಲೆ ಹಚ್ಚುವ ಪದ್ಧತಿ ಇಲ್ಲ. ಹನ್ನೆರಡು ವರ್ಷ ತುಂಬಿದ ದಿನ ಕೈಗೆ ಪಟ್ಟಿ ಬೀಳುತ್ತದೆ, ಅಂದಿನಿಂದ ಊಟದ ಮನೆಯ ರೊಟ್ಟಿ. ಅದರ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು, ಒಬ್ಬೊಬ್ಬರ ಪಟ್ಟಿ ನೋಡಿ, ಒಳಗೆ ಬಡಿಸುವವರಿಗೆ ಕೇಳುವಂತೆ ಅಂಕಿ ಕೂಗುವ ಕೆಲಸ ನನ್ನದು. ಬೆಳಗಿನಿಂದ ಸಂಜೆಯ ತನಕ ಅಲ್ಲಿಯೇ ಪುಸ್ತಕ ಓದುತ್ತ ಕೂತಿರುತ್ತೇನಾದ್ದರಿಂದ ಜನ ನನ್ನನ್ನು ಮಾಸ್ತರ ಎನ್ನುತ್ತಾರೆ. ಯಾರಿಗೂ ಏನೂ ಕಲಿಸಿದವನಲ್ಲ.

ಪಟ್ಟಿಗೆ ಅದರದೇ ಇಷ್ಟಾನಿಷ್ಟಗಳಿವೆ. ಮಣಿಕಟ್ಟು ಆಡಿದರೆ ಅದಕ್ಕೆ ಸಂತೋಷ. ತಬಲಾ ಬಾರಿಸುವವನಿಗೆ ಹದಿನಾಲ್ಕು ರೊಟ್ಟಿ ಬಂದರೆ, ಹಿಡಿಕೆ ಬಿಗಿಯಾಗಿ ಹಿಡಿದು ಕೈಗಾಡಿ ತಳ್ಳುವ ದುರಗಪ್ಪನಿಗೆ ಒಂಬತ್ತೇ ಬರುತ್ತಿದ್ದವು. ಕೊನೆಗೆ ದುರಗಪ್ಪ ಎಡಗೈಯಲ್ಲಿ ಗಾಡಿ ತಳ್ಳುತ್ತ ಬಲಗೈಯನ್ನು ಚುನಾವಣೆಗೆ ನಿಂತವರಂತೆ ಬೀಸುತ್ತ ಹೋಗುವುದನ್ನು ರೂಢಿಸಿಕೊಂಡ. ಕಾಲಿನಿಂದ ಹೊಲಿಗೆ ಯಂತ್ರ ತುಳಿಯುವ ಇಮಾಮಸಾಬ ಗಿರಾಕಿಗಳೊಂದಿಗೆ ಜಗಳವಾಡುವಾಗಲೂ ಕೈ ತಿರುವುವುದನ್ನು ಮರೆಯುತ್ತಿರಲಿಲ್ಲ. ಹೆಚ್ಚು ಉರಿದವನಿಗೆ ರೊಟ್ಟಿಯ ಜೊತೆ ಮರ್ಯಾದೆಯೂ ಹೆಚ್ಚು. ಊರಿನಲ್ಲೇ ದೊಡ್ಡ ಅಂಕಿ, ಪಟ್ಟಿಯ ನಿಯಮ ಕಾಯುವ ಐವರು ಪಂಚರಲ್ಲಿ ಹಿರಿಯರಾದ ಬಸೆಟ್ಟೆಪ್ಪನವರದು. ಆನೆಯಂಥ ಆಳು, ಬೆಳಗಿನಿಂದ ಸಂಜೆಯ ತನಕ ಊರನ್ನು ಗಿರಗಿರ ಸುತ್ತುವವರು. ಅವರು ಹದಿನೇಳುನೂರಕ್ಕೆ ಕಡಿಮೆ ತಂದ ದಿನವನ್ನು ನಾನು ಕಂಡಿಲ್ಲ. ನನ್ನದು ಏಳುನೂರ ನಲವತ್ತರ ಆಸುಪಾಸು. ಸ್ಟೂಲು ಬಿಟ್ಟು ಏಳದ ನನಗೆ ಅಷ್ಟು ಹೇಗೆ ಬರುತ್ತದೆಂದು ಹಿಂದೊಮ್ಮೆ ಚರ್ಚೆಯಾಗಿತ್ತು. ಓದುವುದು ಬಲು ಕಷ್ಟದ ಕೆಲಸವೆಂದು ನಾನೇ ತಿಳಿಸಿ ಹೇಳಿದೆ. ಓದಿ ನೋಡಿದವರು ಇಲ್ಲದ್ದರಿಂದ ನಂಬಿದರು.

ಕುಪ್ಪಳಿಸುವುದು, ಕೈ ಬೀಸುವುದು ಎಲ್ಲಕ್ಕೂ ಒಪ್ಪಿಗೆಯಿತ್ತು. ಒಂದು ಮಾತ್ರ ಕಳವು ಎನಿಸುತ್ತಿತ್ತು: ಹಾಸಿಗೆ ಹಿಡಿದವರ ಕೈಯನ್ನು ಇನ್ನೊಬ್ಬರು ಹಿಡಿದು ತೊಟ್ಟಿಲಿನಂತೆ ತೂಗುವುದು. ಮಲಗಿದವನು ದುಡಿಯುವುದಿಲ್ಲ, ದುಡಿಯದವನು ಉರಿಯುವುದಿಲ್ಲ, ಉರಿಯದವನಿಗೆ ಅಂಕಿ ಎಲ್ಲಿಂದ? ತೂಗಿಸಿಕೊಂಡವರ ಪಟ್ಟಿ ಬಿಚ್ಚಿ, ಅವರನ್ನು ಗಾಡಿಯಲ್ಲಿ ಸೇತುವೆಯಾಚೆ ಕಳಿಸುವುದು ನಿಯಮ. ಪಟ್ಟಿ ಇದ್ದವರು ಸೇತುವೆ ದಾಟುವಂತಿಲ್ಲ, ದಾಟಿದವರು ಹಿಂದೆ ಬಂದದ್ದಿಲ್ಲ. ಆದರೂ ಹಾಸಿಗೆ ಹಿಡಿದವರಿದ್ದ ಪ್ರತಿ ಮನೆಯಲ್ಲೂ ಮಗನೋ ಮಗಳೋ ಬಾಗಿಲು ಮುಚ್ಚಿಕೊಂಡು ಕೈ ತೂಗುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು, ಪಂಚರಿಗೂ ಗೊತ್ತಿತ್ತು. ಸಂಜೆ ನಾನು ಅಂಥ ಮನೆಗಳಿಗೆ ಹೋಗಿ ಅಂಕಿ ನೋಡುವಾಗ ಹೊಸ್ತಿಲಲ್ಲಿ ಎರಡು ಸಲ ಕೆಮ್ಮಿ ಒಳಗೆ ಹೋಗುತ್ತಿದ್ದೆ.

ಕೆಮ್ಮುವ ಅಗತ್ಯವಿಲ್ಲದ ಮನೆ ಒಂದೇ, ತಂಗೆವ್ವನದು. ಆಕೆ ಊಟದ ಮನೆಯಲ್ಲಿ ರೊಟ್ಟಿ ಬಡಿಯುವವಳು. ಬೆಳಕು ಹರಿಯುವಾಗ ಬಂದರೆ ಸಂಜೆಯ ತನಕ ಕೊಣಮಿಗೆ ಎನ್ನುವ ಕಟ್ಟಿಗೆಯ ಪರಾತದ ಮುಂದೆ ಕೂತು ಬಡಿಯುತ್ತಿದ್ದಳು. ನಾನು ಓದುತ್ತಿದ್ದ ಪುಸ್ತಕಗಳಿಗೆಲ್ಲ ಆ ಟಪಟಪ ಸದ್ದೇ ತಾಳ. ಗಂಡ ಅಡಿವೆಪ್ಪ ಹಗ್ಗ ಹೊಸೆಯುವವನು. ಹೋದ ಸುಗ್ಗಿಯಲ್ಲಿ ನಾರು ಕೈಯಲ್ಲಿರುವಂತೆಯೇ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಪಟ್ಟಿ ಇರುವ ಬಲಗೈ ಅವನು ಮಲಗಿದ ಹಗ್ಗದ ಹೊರಸಿನ ಅಂಚಿಗೆ ಜೋತುಬಿದ್ದ ಬಟ್ಟೆಯಂತಾಯಿತು. ಮಾತೂ ಹೋಯಿತು, ಒಂದು ಉಳಿಯಿತು: ಬ್ಯಾಡ. ನೀರು ಬೇಕೇ ಎಂದರೆ ಬ್ಯಾಡ ಎಂದು ಕುಡಿಯುತ್ತಿದ್ದ. ಮಕ್ಕಳಿಲ್ಲ. ಬೆಳಗ್ಗೆ ಅವನಿಗೆ ತಿನ್ನಿಸಿ, ಬದಿಗೆ ನೀರಿಟ್ಟು, ಬಾಗಿಲಿಗೆ ಬೀಗ ಹಾಕಿ ಬಂದರೆ ಮಧ್ಯಾಹ್ನ ಒಂದು ಸಲ ಓಡಿಹೋಗಿ ಮಗ್ಗುಲು ಬದಲಿಸಿ ಬರುವಳು. ಅಷ್ಟರಲ್ಲಿ ಯಾರ ಕೈಯನ್ನೂ ತೂಗಲಾಗದು. ಆದರೂ ಸಂಜೆ ಪಟ್ಟಿಯಲ್ಲಿ ಐನೂರಾ ಎಪ್ಪತ್ತು ಇರುತ್ತಿತ್ತು. ಒಂದು ದಿನ ಐನೂರ ಅರವತ್ತೆಂಟು, ಇನ್ನೊಂದು ದಿನ ಐನೂರ ಎಪ್ಪತ್ತಮೂರು. ನಾಲ್ಕು ತಿಂಗಳು ಹೀಗೇ.

ನಾನು ಸುಮ್ಮನಿರಬೇಕಿತ್ತು. ಓದುವವರಿಗೆ ಒಂದು ಚಟವಿರುತ್ತದೆ, ವಿಚಿತ್ರ ಕಂಡರೆ ಇನ್ನೊಬ್ಬರಿಗೆ ಹೇಳದೆ ಅರಗುವುದಿಲ್ಲ. ಒಂದು ಸಂಜೆ ಬಸೆಟ್ಟೆಪ್ಪನವರು ತಮ್ಮ ಹದಿನೇಳು ರೊಟ್ಟಿ ಮುಗಿಸಿ ಕೈತೊಳೆಯಲು ಬಂದಾಗ ಹೇಳಿಬಿಟ್ಟೆ.

“ಯಜಮಾನ್ರ, ಅಡಿವೆಪ್ಪನ ಅಂಕಿ ನೋಡ್ರಿ. ಗಡಿಯಾರ ಇದ್ದಂಗ ಐತಿ. ದಿನಾ ಅಷ್ಟೇ.”

“ಯಾರು ತೂಗ್ತಾರ?”

“ಯಾರೂ ಇಲ್ರಿ. ತಂಗೆವ್ವ ದಿನವೆಲ್ಲಾ ಇಲ್ಲೇ ನಮ್ಮ ಕಣ್ಣೆದುರಿಗೇ ಇರ್ತಾಳಲ್ಲ.”

ಬಸೆಟ್ಟೆಪ್ಪನವರ ಕೈ ಚೊಂಬಿನ ಮೇಲೆ ನಿಂತಿತು. ತೂಗುವವರಿದ್ದರೆ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತೂಗುವವರೇ ಇಲ್ಲವೆಂದರೆ ಏನನ್ನು ನೋಡಿ ಕಣ್ಣು ಮುಚ್ಚುವುದು? ಎರಡು ದಿನದಲ್ಲಿ ಮಾತು ಊರೆಲ್ಲ ಹರಡಿತು. ಕೆಲವರು ಹಿತ್ತಲ ಕಿಟಕಿಯಿಂದ ಯಾರೋ ಇಳಿದು ತೂಗುತ್ತಾರೆಂದರು. ಹೆಚ್ಚಿನವರು ಅಡಿವೆಪ್ಪನಿಗೆ ಏನೂ ಆಗಿಲ್ಲ, ಹೆಂಡತಿ ಬೀಗ ಹಾಕಿದ ಮೇಲೆ ಎದ್ದು ಮನೆಯೊಳಗೆ ತಿರುಗಾಡಿ, ಆಕೆ ಬರುವ ಹೊತ್ತಿಗೆ ಮಲಗುತ್ತಾನೆ ಎಂದರು. ಹಾಗಾದರೆ ಅದು ಸೋಗು. ಸೋಗಿಗೂ ಸೇತುವೆಯೇ ಗತಿ.

ಈ ಎರಡನೆಯ ಮಾತನ್ನು ಊರಿನವರಿಗಿಂತ ನಾಲ್ಕು ತಿಂಗಳು ಮೊದಲೇ ನಂಬಿದವಳು ತಂಗೆವ್ವ. ಇದನ್ನು ಆಕೆ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ, ಆದರೆ ಈಗಲೇ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲ ಸಂಜೆ ಐನೂರಾ ಎಪ್ಪತ್ತು ಕಂಡಾಗ ಆಕೆಗೆ ಹೊಳೆದದ್ದು ಒಂದೇ: ಗಂಡ ಯಾರಿಗೂ ತಿಳಿಯದಂತೆ ಎದ್ದು ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಾನೆ, ಪೂರ್ತಿ ಸರಿಹೋದ ದಿನ ಬಾಗಿಲಲ್ಲಿ ನಿಂತು ತನ್ನನ್ನು ಬೆರಗುಗೊಳಿಸುತ್ತಾನೆ. ಅಡಿವೆಪ್ಪ ಮೊದಲಿಂದಲೂ ಹಠಮಾರಿ, ಅರ್ಧ ಹೊಸೆದ ಹಗ್ಗವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಆಕೆ ಅವನಿಗೆ ಎಟಕುವ ಮೊಳೆಗೆ ನಾರು ನೇತುಹಾಕಿ ಬಂದಳು. ಒಂದು ದಿನ ನೆಲಕ್ಕೆ ತೆಳುವಾಗಿ ಹಿಟ್ಟು ಜರಡಿ ಹಿಡಿದು ಬಂದಳು. ಸಂಜೆ ನೋಡಿದರೆ ಹಲ್ಲಿಯ ಹೆಜ್ಜೆ ಮಾತ್ರ ಇತ್ತು. ಗೋಡೆ ಹಿಡಿದು ಅಂಚಿನಲ್ಲೇ ನಡೆದಿರಬೇಕು ಎಂದುಕೊಂಡಳು. ದಿನವೂ ಐನೂರಾ ಎಪ್ಪತ್ತು ಎಂದು ನಾನು ಕೂಗಿದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾಚಿಕೆ ಎಂದು ನಾನು ತಿಳಿದಿದ್ದೆ. ನಗುವನ್ನು ಮುಚ್ಚಿಕೊಳ್ಳುತ್ತಿದ್ದಳಂತೆ.

ಪಂಚರು ಊಟದ ಮನೆಯ ಅಂಗಳದಲ್ಲಿ ಸೇರಿದರು. ಐವರೂ ಕೂತಲ್ಲಿ ಬೆರಳು ಕುಟ್ಟುತ್ತಲೇ ಇದ್ದರು. ತಂಗೆವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಹೊರಸಿನ ಸಮೇತ ಅಡಿವೆಪ್ಪನನ್ನೂ ಹೊತ್ತು ತಂದಿದ್ದರು. ಅದು ಅವನೇ ಹೊಸೆದ ಹಗ್ಗದಿಂದ ಅವನೇ ಹೆಣೆದ ಹೊರಸು.

“ಅಡಿವೆಪ್ಪಾ, ಖರೇ ಹೇಳು. ಎದ್ದು ಅಡ್ಡಾಡ್ತೀ?” ಎಂದರು ಬಸೆಟ್ಟೆಪ್ಪನವರು.

“ಬ್ಯಾಡ,” ಎಂದ ಅಡಿವೆಪ್ಪ.

“ಯಾರರ ಬಂದು ಕೈ ತೂಗ್ತಾರ?”

“ಬ್ಯಾಡ.”

“ಬ್ಯಾಡ ಅನ್ನು, ಬೇಕು ಅನ್ನು, ಅಂಕಿ ಎಲ್ಲಿಂದ ಬಂತಪಾ ಅದು?” ಎಂದು ಸಾಲಿನಲ್ಲಿದ್ದ ದುರಗಪ್ಪ ಕೇಳಿದ. ನಕ್ಕವರು ಯಜಮಾನರ ಮುಖ ನೋಡಿ ನಿಲ್ಲಿಸಿದರು.

ಬಸೆಟ್ಟೆಪ್ಪನವರು ಕೆಟ್ಟವರಲ್ಲ. ಅಂದು ಅವರ ದನಿ ಮೆತ್ತಗೇ ಇತ್ತು. “ತಂಗೆವ್ವಾ, ಮಲಗಿದವರ ಅಂಕಿ ತಾನ ಏರೂದಿಲ್ಲವಾ. ಅದು ನನಗ ಛಲೋ ಗೊತ್ತೈತಿ. ಒಂದ ತೂಗಬೇಕು, ಇಲ್ಲಾ ಏಳಬೇಕು. ಎರಡರಾಗ ಯಾವುದು, ನೀನೇ ಹೇಳು. ಯಾವುದಾದ್ರೂ ನಾಡದು ಗಾಡಿ ಹೂಡಬೇಕಾಗತೈತಿ. ನನಗೇನು ಸಂತೋಷ ಇಲ್ಲ.”

ಎದ್ದು ನಡೆಯುತ್ತಾನೆ ಎಂದು ತಂಗೆವ್ವ ನಂಬಿದ್ದಳು, ಹಾಗೆ ಹೇಳಿದರೆ ಗಂಡ ಸೇತುವೆಯಾಚೆ. ಅವನನ್ನು ಉಳಿಸಿಕೊಳ್ಳಲು ಇದ್ದದ್ದು ಒಂದೇ ದಾರಿ, ಸುಮ್ಮನೆ ಮಲಗಿದವನಿಗೂ ಅಂಕಿ ಏರುತ್ತದೆಂದು ತೋರಿಸುವುದು. ಅದು ನಿಜವೆಂದಾದರೆ ಅವನು ಒಂದು ದಿನವೂ ಎದ್ದಿಲ್ಲ ಎಂಬುದೂ ನಿಜವಾಗುತ್ತದೆ. ಆ ಗಳಿಗೆಯಲ್ಲಿ ಆಕೆ ಇಷ್ಟೆಲ್ಲ ಯೋಚಿಸಿದಳು ಎಂಬುದು ನಮಗಾರಿಗೂ ಗೊತ್ತಾಗಲಿಲ್ಲ. ಆಕೆ ನೋಡಿದ್ದು ನನ್ನ ಕಡೆ.

“ಮಾಸ್ತರ್ರ, ನೀವು ಕುಂತ ಜಾಗಾ ಬಿಟ್ಟು ಏಳೂದಿಲ್ಲ. ನಿಮಗ ಏಳ್ನೂರು ಹೆಂಗ ಬರತೈತಿ?”

“ಓದೂದು ಸಣ್ಣ ಕೆಲಸ ಅಲ್ಲವಾ ತಂಗೆವ್ವ,” ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

ಆಕೆ ಒಂದು ಕ್ಷಣ ನನ್ನನ್ನು ನೋಡಿದಳು. ಇವನಿಂದ ಆಗುವಂಥದ್ದಲ್ಲ ಎಂದು ತೀರ್ಮಾನಿಸಿದಂತೆ ಪಂಚರ ಕಡೆ ತಿರುಗಿದಳು. “ಹಂಗಿದ್ರ ನಿಮ್ಮಾಗ ಯಾರರ ಒಬ್ರು ಮಲಗಿ ತೋರಸ್ರಿ. ಹೊತ್ತು ಹುಟ್ಟಿದಾಗಿಂದ ಮುಣಗೂತನಾ. ನಿದ್ದಿ ಇಲ್ಲ, ಓದೂದಿಲ್ಲ, ಕೈ ಕಾಲು ಆಡಸೂದಿಲ್ಲ. ಅಂಕಿ ಏರಲಿಲ್ಲಾ, ನಾ ಸ್ವತಃ ನಮ್ಮವ್ರ ಪಟ್ಟಿ ಬಿಚ್ಚಿಕೊಡ್ತೀನಿ.”

ಅಂಗಳದಲ್ಲಿ ಬೆರಳು ಕುಟ್ಟುವುದು ನಿಂತಿತು. ಮೈ ಗಟ್ಟಿಯಿದ್ದು ಹಗಲಿನಲ್ಲಿ ಸುಮ್ಮನೆ ಮಲಗಿದವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಹೊತ್ತೇರಿದ ಮೇಲೆ ಪಟ್ಟಿಯಲ್ಲಿ ಸೊನ್ನೆ ಕಂಡದ್ದು ಹೆಣಗಳ ಮೇಲೆ ಮಾತ್ರ. ಮಲಗಿದರೆ ಎಲ್ಲಿ ಆ ಸೊನ್ನೆ ತಮಗೂ ಅಂಟಿಕೊಂಡೀತೋ ಎಂದು ಐವರಿಗೂ ಒಳಗೊಳಗೇ ಹೆದರಿಕೆ. ಒಬ್ಬರಿಗೆ ಬೆನ್ನಿನಲ್ಲಿ ವಾಯು, ಅಂಗಾತ ಮಲಗಲು ಬಾರದು. ಒಬ್ಬರು ಮಲಗಿದರೆ ಅಂಗಡಿ ತೆಗೆಯುವವರಿಲ್ಲ. ಮೂರನೆಯವರು ಮನೆಯಲ್ಲಿ ಕೇಳಿಬರುತ್ತೇನೆಂದು ಹೋದವರು ಅಂದು ಮರಳಲಿಲ್ಲ. ನಾಲ್ಕನೆಯವರು ತಮಗೆ ಕಿವಿ ಕೇಳಿಸುವುದಿಲ್ಲ ಎಂಬುದನ್ನು ಸಮಯಕ್ಕೆ ಸರಿಯಾಗಿ ನೆನಪಿಸಿಕೊಂಡರು.

“ನಾ ಮಲಗ್ತೀನಿ,” ಎಂದರು ಬಸೆಟ್ಟೆಪ್ಪನವರು. “ಸೊನ್ನಿ ಬರತೈತಿ, ಬರೀ ಸೊನ್ನಿ. ಬಂದ್ರ ನಾ ಏನು ಸಾಯೂದಿಲ್ಲ.” ಕೊನೆಯ ಮಾತನ್ನು ತಮಗೇ ಹೇಳಿಕೊಂಡಂತಿತ್ತು.

ಮರುದಿನ ಅಂಗಳದಲ್ಲಿ ಎರಡು ಹೊರಸು ಹಾಕಿದರು. ಒಂದರ ಮೇಲೆ ಅಡಿವೆಪ್ಪ, ಇನ್ನೊಂದರ ಮೇಲೆ ಬಸೆಟ್ಟೆಪ್ಪನವರು. ಅಡಿವೆಪ್ಪನ ಹೊರಸಿನ ಹಗ್ಗ ಬಿಗಿಯಾಗಿತ್ತು, ಯಜಮಾನರದು ಅವರ ಭಾರಕ್ಕೆ ನೆಲ ಮುಟ್ಟಿತು. ಎರಡೂ ಕೈ ಕಾಣುವಂತೆ ಚಾಚಿಸಿ, ಯಾರೂ ಮುಟ್ಟದಂತೆ ಸುತ್ತ ಸುಣ್ಣದ ಗೆರೆ ಎಳೆದರು. ಸೂರ್ಯ ಹುಟ್ಟಿದ, ಎರಡೂ ಪಟ್ಟಿ ಸೊನ್ನೆಗೆ ಬಂದವು. ಊರಿನವರು ಕೆಲಸ ಬಿಟ್ಟು ಬಂದು ನೋಡಿದರು. ಆದರೆ ಅಂಕಿ ಬಿಡಬಾರದಲ್ಲ, ನಿಂತಲ್ಲೇ ಕುಪ್ಪಳಿಸುತ್ತ ನೋಡಿದರು.

ಸ್ವಲ್ಪ ಹೊತ್ತಿಗೆ ಯಜಮಾನರ ಪಟ್ಟಿಯಲ್ಲಿ ಒಂದು ಮೂಡಿತು. ಮತ್ತೆ ಎರಡು. ಒಂದು ತಾಸಿನಲ್ಲಿ ಎಪ್ಪತ್ತಾರು.

“ಕಾಲಬೆರಳು ಆಡಸಾಕತ್ತಾರ,” ಎಂದ ಇಮಾಮಸಾಬ.

“ಯಾರಲೇ ಅಂವ? ನನ್ನ ಬೆರಳು ನಾನ ಹಿಡ್ಕೊಂಡು ಮಲಗಲೇನು?” ಎಂದು ಮಲಗಿದಲ್ಲಿಂದ ಗುಡುಗಿದರು ಯಜಮಾನರು.

“ಸಿಟ್ಟಾಗಬ್ಯಾಡ್ರಿ, ಸಿಟ್ಟಿಗೂ ಉರೀತಿರಬೇಕು,” ಎಂದಿತು ಗುಂಪಿನ ಒಂದು ದನಿ.

“ಉಸಿರು ಜೋರು ಆತು. ಯಜಮಾನ್ರ, ಸಣ್ಣಂಗ ಉಸಿರಾಡ್ರಿ.”

“ವಿಚಾರ ಮಾಡಬ್ಯಾಡ್ರಿ. ಮಾಸ್ತರು ಹೇಳ್ಯಾರಲ್ಲ, ತಲಿ ಓಡಿಸಿದ್ರ ಏರತೈತಿ ಅಂತ.”

ನಾನು ಪುಸ್ತಕದಲ್ಲಿ ಮುಖ ಇಟ್ಟುಕೊಂಡೆ. ಯಜಮಾನರು ವಿಚಾರ ಮಾಡದಿರಲು ಹೆಣಗಿದರು. ಸಣ್ಣಗೆ ಉಸಿರಾಡಿದರು, ಮುಖ ಕೆಂಪಾಯಿತು. ಅಂಕಿ ಯಾರ ಮಾತನ್ನೂ ಕೇಳಲಿಲ್ಲ. ಒಂದೇ ಹದದಲ್ಲಿ, ಹಂಚಿನ ಮೇಲಿನ ಮಳೆನೀರು ತೊಟ್ಟಿಕ್ಕುವ ಹಾಗೆ, ಏರುತ್ತಲೇ ಹೋಯಿತು. ಪಕ್ಕದ ಹೊರಸಿನಲ್ಲಿ ಅಡಿವೆಪ್ಪನದು ತುಸು ನಿಧಾನವಾಗಿ, ಅದೇ ಹದದಲ್ಲಿ. ಸಣಕಲು ಮೈಗೆ ಸಣ್ಣ ಲೆಕ್ಕ, ದೊಡ್ಡ ಮೈಗೆ ದೊಡ್ಡದು. ಇಬ್ಬರೂ ಅಲುಗಾಡುತ್ತಿರಲಿಲ್ಲ.

ಮಧ್ಯಾಹ್ನ ನೀರು ಕುಡಿಯಲು ಒಳಗೆ ಹೋದೆ. ತಂಗೆವ್ವ ಬೆಳಗಿನಿಂದ ಒಮ್ಮೆಯೂ ಹೊರಗೆ ಬಂದಿರಲಿಲ್ಲ.

“ಯಜಮಾನ್ರದು ಎಷ್ಟಾತ್ರಿ?” ಎಂದು ತಲೆಯೆತ್ತದೆ ಕೇಳಿದಳು.

“ನಾನೂರಾ ಐವತ್ತು ದಾಟೇತಿ. ನೀ ಗೆದ್ದಂಗ ಬಿಡು.”

ಆಕೆಯ ಕೈಯಲ್ಲಿದ್ದ ರೊಟ್ಟಿ ನಡುವೆ ಹರಿಯಿತು. ಅಷ್ಟು ವರ್ಷದಲ್ಲಿ ಆಕೆಯ ರೊಟ್ಟಿ ಹರಿದದ್ದನ್ನು ನಾನು ನೋಡಿರಲಿಲ್ಲ. ಹರಿದದ್ದನ್ನು ಮುದ್ದೆ ಮಾಡಿ, ಮತ್ತೆ ಹಿಟ್ಟು ಉದುರಿಸಿಕೊಂಡು, ಮೊದಲಿಂದ ಬಡಿಯತೊಡಗಿದಳು. ಸಂತೋಷದಲ್ಲಿ ಕೈ ತಪ್ಪಿರಬೇಕೆಂದುಕೊಂಡು ಹೊರಬಂದೆ. ಮನುಷ್ಯರನ್ನು ಓದುವುದರಲ್ಲಿ ನಾನು ಅಷ್ಟಕ್ಕಷ್ಟೆ.

ಬಿಸಿಲು ಇಳಿಮುಖವಾದಾಗ ಹಾಸ್ಯವೆಲ್ಲ ತೀರಿತ್ತು. ಬಸೆಟ್ಟೆಪ್ಪನವರು ಪಕ್ಕಕ್ಕೆ ಮುಖ ಹೊರಳಿಸಿ ಅಡಿವೆಪ್ಪನ ಎದೆಯನ್ನು ನೋಡುತ್ತಿದ್ದರು. ಅದು ಏರುತ್ತಿತ್ತು, ಇಳಿಯುತ್ತಿತ್ತು. ಕುತ್ತಿಗೆಯ ಪಕ್ಕದಲ್ಲಿ ಒಂದು ನರ ಮಿಡಿಯುತ್ತಿತ್ತು. ನೋಡುತ್ತಾ ನೋಡುತ್ತಾ ಅವರು ಯಾರಿಗೆಂದಿಲ್ಲದೆ ಹೇಳತೊಡಗಿದರು.

“ನಮ್ಮವ್ವ ಮೂರು ವರ್ಷ ಹಿಂಗ ಮಲಗಿದ್ಲು.”

ಕುಪ್ಪಳಿಸುತ್ತಿದ್ದವರು ನಿಂತರು.

“ನಾ ತೂಗತಿದ್ದೆ. ಮುಂಜಾನಿ ಅರ್ಧ ತಾಸು, ಸಂಜಿ ಅರ್ಧ ತಾಸು. ಅದಕ್ಕ ಅಂದೆ, ತಾನ ಏರೂದಿಲ್ಲ ಅಂತ ನನಗ ಛಲೋ ಗೊತ್ತೈತಿ ಅಂತ. ಏನೂ ಗೊತ್ತಿರಲಿಲ್ಲ. ಆಕಿ ಅಂತಿದ್ಲು, ಸಾಕು ಬಿಡೋ ಬಸೆಟ್ಟಿ, ಭುಜಾ ಎಳೀತೈತಿ, ಇಲ್ಲೇ ಬಾಜೂಕ ಸುಮ್ನ ಕುಂದರು ಅಂತ. ನಾ ಕೂಡಲಿಲ್ಲ. ಕುಂತ್ರ ಆಕಿಗೆ ರೊಟ್ಟಿ ಕಡಿಮಿ ಬೀಳತಾವ ಅಂತ ತೂಗೇ ತೂಗಿದೆ. ಮೂರು ವರ್ಷ ಆಕಿ ಕೈ ಹಿಡದಿದ್ದೆ, ಒಂದು ದಿನಾನೂ ಆಕಿ ಬಾಜೂಕ ಕೂಡಲಿಲ್ಲ.”

ಆಮೇಲೆ ಇಮಾಮಸಾಬ, “ನಾನೂ ನಮ್ಮ ಅಬ್ಬಾಂದು,” ಎಂದ. ಕೈ ತಿರುವದೆ ಮಾತಾಡಿದ್ದು ಅದೇ ಮೊದಲು. ಹಿಂದಿನಿಂದ ಒಬ್ಬಳು ಅತ್ತೆಯದೆಂದಳು. ಇನ್ನೊಬ್ಬ ಅಣ್ಣನದೆಂದ. ಮನೆಮನೆಯಲ್ಲೂ ಎಲ್ಲರೂ ಕದ್ದಿದ್ದರು. ಎಲ್ಲರೂ ಕದ್ದದ್ದರಿಂದಲೇ, ಕದಿಯದಿದ್ದರೆ ಏನಾಗುತ್ತಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ತೂಗದೆ ಬಿಟ್ಟವಳು ತಂಗೆವ್ವ ಒಬ್ಬಳೇ. ಕಳವಿನ ಆರೋಪ ಬಂದದ್ದು ಅವಳ ಮನೆಯ ಮೇಲೆ.

ನನಗೂ ಏನಾದರೂ ಹೇಳಬೇಕೆನಿಸಿತು. ಎದ್ದು ನಿಂತು, “ಓದಿದ್ರ ಏನೂ ಉರಿಯೂದಿಲ್ಲ. ನನ್ನ ಅಂಕೀನೂ ಸುಮ್ನ ಬರೂದೇ,” ಎಂದೆ.

“ಅದು ನಮಗ ಮೊದಲಿಂದ ಗೊತ್ತೈತಿ ಮಾಸ್ತರ್ರ,” ಎಂದ ದುರಗಪ್ಪ. “ಪಾಪ, ಉಣ್ಣಲಿ ಅಂತ ಸುಮ್ನಿದ್ವಿ.”

ಸೂರ್ಯ ಮುಳುಗಿದ. ನಾನು ಗೆರೆ ದಾಟಿ ಹೋಗಿ ಓದಿದೆ. ಬಸೆಟ್ಟೆಪ್ಪನವರದು ಒಂಬೈನೂರ ಹದಿಮೂರು. ಅಡಿವೆಪ್ಪನದು ಐನೂರಾ ಎಪ್ಪತ್ತೊಂದು. ಅಂಗಳದಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಮನಸ್ಸಿನಲ್ಲೇ ಒಂದು ಕಳೆಯುವ ಲೆಕ್ಕ ನಡೆದಿತ್ತೆಂದು ಮುಖಗಳಿಂದಲೇ ತಿಳಿಯುತ್ತಿತ್ತು. ಹದಿನೇಳುನೂರರಲ್ಲಿ ಒಂಬೈನೂರು ಬರೀ ಇದ್ದದ್ದಕ್ಕೆ, ಊರನ್ನು ಗಿರಗಿರ ಸುತ್ತಿದ್ದಕ್ಕೆ ಸಿಕ್ಕದ್ದು ಎಂಟುನೂರು. ಕೆಲವರಿಗೆ ಇದು ಅವಮಾನವೆನಿಸಿತು. ನನಗೆ ಅಷ್ಟು ಬೇಜಾರಾಗಲಿಲ್ಲ. ಉಸಿರೆಳೆದು, ರಕ್ತ ಓಡಿಸಿ, ಮೈ ಬೆಚ್ಚಗಿಡುವುದು ಒಂದು ಕೆಲಸವೆಂದು ನನ್ನನ್ನು ಯಾರೂ ಹೊಗಳಿರಲಿಲ್ಲ. ನಾನಂತೂ ಅದನ್ನು ಅರವತ್ತು ವರ್ಷದಿಂದ ಒಂದು ದಿನವೂ ರಜೆ ಹಾಕದೆ ಮಾಡಿದ್ದೆ.

ಬಸೆಟ್ಟೆಪ್ಪನವರನ್ನು ಎಬ್ಬಿಸಲು ನಾಲ್ವರು ಬೇಕಾದರು, ದಿನವೆಲ್ಲ ಅಲುಗಾಡದೆ ಕೀಲು ಹಿಡಿದಿದ್ದವು. ನಿಂತ ಮೇಲೆ, ಹಾಸಿಗೆ ಹಿಡಿದವರ ಪಟ್ಟಿಯನ್ನು ಇನ್ನು ಯಾರೂ ಬಿಚ್ಚುವಂತಿಲ್ಲ ಎಂದರು. ಹಾಗೆಯೇ ಮೊದಲ ಐದು ರೊಟ್ಟಿಯನ್ನು ಯಾರಿಗೇ ಆಗಲಿ ಅಂಕಿ ನೋಡದೆ ಬಡಿಸಬೇಕು ಎಂದರು. ಮಿಕ್ಕ ಪಂಚರು ತಲೆಯಾಡಿಸಿದರು. ಅಭ್ಯಾಸಬಲದಿಂದ ಒಂದಿಷ್ಟು ಹೆಚ್ಚೇ ಆಡಿಸಿದರು.

ಜನ ತಂಗೆವ್ವನನ್ನು ಹುಡುಕಿದರು. ಆಕೆ ಕೊಣಮಿಗೆ ತೊಳೆಯುತ್ತಿದ್ದಳು. “ಗೆದ್ದೆವ್ವಾ!” ಎಂದರೆ “ಹೂಂ” ಎಂದಳು. ಹೊರಸು ಹೊತ್ತ ನಾಲ್ವರ ಹಿಂದೆ ಆಕೆ, ಆಕೆಯ ಹಿಂದೆ ರೊಟ್ಟಿಯ ಬುಟ್ಟಿ ಹಿಡಿದು ನಾನು. ಒಳಕೋಣೆಯಲ್ಲಿ ಹೊರಸು ಇಳಿಸಿ ಎಲ್ಲರೂ ಹೋದರು. ಮೊಳೆಯ ಮೇಲೆ ನಾರಿನ ಕಟ್ಟು ಇತ್ತು, ಮೇಲೆ ಧೂಳು ಕೂತಿತ್ತು. ಅದು ಯಾಕೆ ಅಲ್ಲಿದೆ ಎಂದು ಕೇಳಿದೆ. ಆಗ ಆಕೆ ಹೇಳಿದಳು, ನಾರಿನ ವಿಷಯ, ಹಿಟ್ಟಿನ ವಿಷಯ, ಹಲ್ಲಿಯ ಹೆಜ್ಜೆಯ ವಿಷಯ. ಅಳದೆ, ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದಳು.

“ಮುಂಜಾನಿಂದ ಎರಡೂ ಬೇಡಿಕೊಂಡೇನ್ರಿ. ಏರಲಿ ಅಂತ ಒಂದು ರೊಟ್ಟಿ, ಏರಬಾರದು ಅಂತ ಒಂದು ರೊಟ್ಟಿ. ಯಾವ ರೊಟ್ಟಿ ನೀವು ಉಂಡ್ರೋ ನನಗ ಗೊತ್ತಿಲ್ಲ.”

ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿದ್ದಂತೆ ನೆನಪಾಗಲಿಲ್ಲ. ಬುಟ್ಟಿ ಇಟ್ಟು ಬಂದೆ.

ಬೆಳಗ್ಗೆ ಬಿಸಿಲು ಬೀಳುತ್ತಿದ್ದ ಹಾಗೆ ತಂಗೆವ್ವ ನನ್ನ ಬಾಗಿಲಿಗೆ ಬಂದಳು. “ಮಾಸ್ತರ್ರ, ಒಂದೀಟು ಕೈ ಹಚ್ಚಬೇಕು. ಹೊರಸು ಹೊರಗ ಕಟ್ಟಿ ಮ್ಯಾಲ ಹಾಕೂಣು. ಒಳಗಿದ್ದು ಏನು ನೋಡ್ತಾರ ಅವ್ರು, ಜಂತಿ?”

“ಇಷ್ಟು ದಿನ ಯಾಕ ಒಳಗ ಇಟ್ಟಿದ್ದಿ?”

“ಎದ್ದು ಅಡ್ಡಾಡಾಕ ಮಂದಿ ಕಣ್ಣು ಇರಬಾರದು ಅಂತ,” ಎಂದು ಹೇಳಿ ಮುಂದೆ ನಡೆದಳು.

ಹೋಗಿ ನೋಡಿದರೆ ಬಾಗಿಲು ಹೊರಸಿಗಿಂತ ಚಿಕ್ಕದು. ಹಿಂದಿನ ದಿನ ಹೊತ್ತ ನಾಲ್ವರು ಅವನನ್ನು ಕಂಬಳಿಯಲ್ಲಿ ಎತ್ತಿಕೊಂಡು ಹೊರಸನ್ನು ಬೇರೆಯಾಗಿ ಓರೆ ಮಾಡಿ ದಾಟಿಸಿದ್ದರು. ಈಗ ನಾವಿಬ್ಬರೇ. ಅವಳು ತಲೆಯ ಕಡೆ ಹಿಡಿದಳು, ನಾನು ಕಾಲ ಕಡೆ. ಹೊಸ್ತಿಲ ಬಳಿ ಬಂದಾಗ ಅವನನ್ನು ಮೊದಲು ನೆಲಕ್ಕಿಳಿಸೋಣ, ಓರೆ ಮಾಡಿದರೆ ಉರುಳಿಬಿಡುತ್ತಾನೆ ಎಂದೆ.

ತಂಗೆವ್ವ ಗಂಡನ ಮುಖದ ಮೇಲೆ ಬಾಗಿದಳು. “ಏನ್ರೀ, ಹೊರಸು ಓರೆ ಆಗತೈತಿ. ಗಟ್ಟಿ ಹಿಡ್ಕೋರಿ.” ಆಮೇಲೆ ನನಗೆ, “ಎತ್ರಿ,” ಎಂದಳು.

ಎತ್ತಿದೆವು. ಹೊರಸು ವಾಲತೊಡಗಿತು, ಅದರೊಂದಿಗೆ ಅಡಿವೆಪ್ಪನೂ. ಅವನ ಎಡಗೈ, ಪಟ್ಟಿ ಇಲ್ಲದ ಕೈ, ಅಂಚಿನಲ್ಲಿ ತಡವರಿಸಿ ಹಗ್ಗ ಹುಡುಕಿತು. ಬೆರಳು ನುಗ್ಗಿಸಿ, ಹಗ್ಗ ಹೊಸೆಯುವವರು ಮಾತ್ರ ಮಾಡುವ ಹಾಗೆ ಅಂಗೈಗೆ ಒಂದು ಸುತ್ತು ಸುತ್ತಿಕೊಂಡು ಮುಷ್ಟಿ ಕಟ್ಟಿದ. ಮೊಳಕೈಯ ತನಕ ನರಗಳೆದ್ದವು. ಭಾರವೆಲ್ಲ ಒಂದೇ ಕಡೆ ಬಿದ್ದು ಒಮ್ಮೆ ನನ್ನ ಕೈ ಜಾರಿತು, ತಂಗೆವ್ವ “ಹ್ಞಾ, ಹ್ಞಾ” ಎನ್ನುತ್ತ ಭುಜ ಕೊಟ್ಟಳು. ಹೊಸ್ತಿಲು ದಾಟಿ, ಕಟ್ಟೆಯ ಬಿಸಿಲಿಗೆ ಬಂದು, ಹೊರಸಿನ ನಾಲ್ಕೂ ಕಾಲು ನೆಲಕ್ಕೆ ಕೂರುವ ತನಕ ಅವನು ಬಿಡಲಿಲ್ಲ.